ವಿಮಾನಕ್ಕ ಉಡಿ ತುಂಬಿದ್ದು

ಅದಕ್ಕ ಹೇಳೂದು, ಆ ಕುಂಚಗಿ ಮೊದಲ ಟ್ರಂಕಿನಾಗ ಇಟ್ಟ ಬರ್ರಿ. ಅಪ್ಪನ ಕೂಸಿದ್ದಾಗಿನ ಟೊಪಗಿ ಸಿಕ್ಕೈತಿ ಅಂತ ಹಂಗ ಕೈಯಾಗ ಹಿಡಕೊಂಡು ಅಂಗಳಾ ತುಂಬ ಅಡ್ಡಾಡಬ್ಯಾಡ್ರಿ. ಇಟ್ಟಿರಿ? ಛಲೋ ಆತು. ಈಗ ಬಾಗಲಾ ಮುಂದ ಮಾಡು ಯವ್ವಾ, ಪೂರಾ ಬ್ಯಾಡ, ಅರ್ಧಾ ಮಾಡು. ಪೂರಾ ಹಾಕಿದ್ರ ಬಾಜೂ ಮನಿ ಸಿದ್ದವ್ವಗ ಸಂಶೇ ಬರತೈತಿ, "ಈ ಮುದಕಿ ಇವತ್ತ ಯಾರ ಸುದ್ದಿ ಹಿಡದಾಳೋ" ಅಂತ ಕಿವಿ ಗ್ವಾಡಿಗೆ ಹಚ್ಚತಾಳ. ಆಕೀಗೆ ಕಿವಿ ಕೇಳಂಗಿಲ್ಲ ಅಂತೀರೇನು? ತನಗ ಬೇಕಾದದ್ದೆಲ್ಲಾ ಕೇಳತೈತಿ. ಹತ್ರ ಸರೀರಿ. ನಾ ಹೇಳೂದು ಈ ಕಟ್ಟಿ ಬಿಟ್ಟು ಕೆಳಗ ಇಳೀಬಾರದು. ನಿಮ್ಮಪ್ಪನ ಮುಂದ ಅಂತೂ ಬ್ಯಾಡೇ ಬ್ಯಾಡ. ಅಂವ ಸಾಲಿ ಮಾಸ್ತರ, ಕಳವು ಅಂದ್ರ ಅವಗ ಬಿಪಿ ಏರತೈತಿ, ಅದರಾಗ ಆ ಕಳವಿನ ಮಾಲು ತನ್ನ ತಲೀ ಮ್ಯಾಲನ ಇತ್ತು ಅಂತ ತಿಳದ್ರ ಮೂರು ದಿನಾ ಉಣ್ಣಂಗಿಲ್ಲ. ಆಣಿ ಮಾಡ್ರಿ. ಗುಡ್ಡದ ಎಲ್ಲವ್ವನ ಆಣಿ ಬ್ಯಾಡ, ಆಕಿ ಭಾಳ ಕಡಕ, ನೀವು ನಾಳೆ ಬಾಯಿ ಬಿಡೂ ಮಂದಿ. ಸುಮ್ನ ನನ್ನ ಕೈ ಮುಟ್ಟಿ "ಹೇಳಂಗಿಲ್ಲ" ಅನ್ರಿ, ಸಾಕು. ಹಾಂ. "ಕುಂಚಗಿ ಹಿಂದ ಅಂಗೈ ಅಗಲದ ತೂತು ಯಾಕೈತಿ ಆಯಿ, ಇಲಿ ಕಡದೈತೇನು" ಅಂತ ಕೇಳಿದ್ರಲ್ಲ? ಇಲಿ ಅಲ್ಲ. ಅದು ಮಿಲ್ಟ್ರಿ ಸಾಹೇಬ ಚಾಕೂಲೆ ಕೊರದದ್ದು. ನಿಮ್ಮಪ್ಪನ ತಲೀಮ್ಯಾಗಿಂದ ತಗದು ಕೊರದದ್ದು.

ನಾ ಕಟಕೋಳದಿಂದ ಲಗ್ನ ಆಗಿ ಈ ಮನಿಗೆ ಬಂದು ಎರಡ ವರ್ಷ ಆಗಿತ್ತು, ನಿಮ್ಮಪ್ಪ ಆರ ತಿಂಗಳ ಕೂಸು. ಇಸವಿ ಗಿಸವಿ ಕೇಳಬ್ಯಾಡ್ರಿ, ನಾ ಸಾಲಿಗೆ ಹೋದದ್ದು ಎರಡ ವರ್ಷ, ಅದರಾಗ ಒಂದ ವರ್ಷ ಮಾಸ್ತರನ ಎಮ್ಮಿ ಕಾದೇನಿ. ಪಾಕಿಸ್ತಾನದ ಲಡಾಯಿ ಮುಗದಿತ್ತು, ಆಮ್ಯಾಲ ಮಳಿ ಕೈ ಕೊಟ್ಟಿತ್ತು, ಕಂಟ್ರೋಲ್ ಅಂಗಡ್ಯಾಗ ಆ ಕೆಂಪ ಜ್ವಾಳ ಕೊಡತಿದ್ರಲ್ಲ, ರೊಟ್ಟಿ ಬಡದ್ರ ಹರೀತಿತ್ತು, ಅದನ್ನೂ ತಿಂದು ಮುಗಿಸಿ, ಒಂದ ಛಲೋ ಬೆಳಿ ಬಂದ ವರ್ಷ ಅದು. ಹೊಟ್ಟಿ ತುಂಬತು, ಖರೆ, ಮೈಮ್ಯಾಲ ಅರಬಿ ಇನ್ನೂ ಬಂದಿರಲಿಲ್ಲ. ನನಗ ಎರಡ ಸೀರಿ, ಒಂದ ಮೈಮ್ಯಾಲ, ಒಂದ ಹಗ್ಗದ ಮ್ಯಾಲ. ಕುಬಸದ ಬಗಲಾಗ ತ್ಯಾಪಿ ಮ್ಯಾಲ ತ್ಯಾಪಿ, ಮೊದಲಿನ ಅರಬಿ ಯಾವ ಬಣ್ಣದ್ದಿತ್ತು ಅಂತ ಹೊಲದಾಕೀಗೂ ಗೊತ್ತಿರಲಿಲ್ಲ. ಅದರ ಚಿಂತಿ ನನಗಿರಲಿಲ್ಲ, ಎಲ್ಲಾರದೂ ಹಂಗ ಇತ್ತು. ನನಗ ನಾಚಿಕಿ ಆಗತಿದ್ದದ್ದು ಉಡಿ ತುಂಬೂ ಮುಂದ. ಈಗಿನ ಹುಡುಗ್ಯಾರಿಗೆ ಅದೇನ ಗೊತ್ತು. ಮುತ್ತೈದಿ ನಿಮ್ಮ ಮನಿಗೆ ಬಂದ್ಲಂದ್ರ ಬರೀ ಸೆರಗಿಲೆ ಕಳಸಬಾರದು, ಸೆರಗ ಒಡ್ಡಸಿ ಅದರಾಗ ಅಕ್ಕಿ, ಕೊಬ್ರಿ ಬಟ್ಟಲಾ, ಎಲಿ ಅಡಕಿ, ಅರಿಶಿಣ ಬೇರು, ಒಂದ ಕುಬಸದ ಖಣ ಹಾಕಿ ಕಳಸಬೇಕು. ನಾ ಬಸರಿದ್ದಾಗ ಮಾಡಿದ ಕುಬಸದ ಕಾರ್ಯಾದಾಗ ಓಣಿ ಹೆಣ್ಮಕ್ಕಳು ಹನ್ನೊಂದು ಮಂದಿ ನನಗ ಖಣಾ ತಂದಿದ್ರು. ತಿರುಗಿ ಕೊಡಾಕ ನನ್ನ ಕಡೆ ಇದ್ದದ್ದು ಒಂದ. ಅದೂ ಮೂಲಿ ಇಲಿ ಕಡದ ಹಸರ ಖಣ. ಅದನ್ನ ಮಡಿಕೀ ಒಳಗ ತೂತು ಮುಚ್ಚಿ ಗೌರವ್ವನ ಉಡಿಗೆ ಹಾಕಿದ್ನಿ. ಗೌರವ್ವ ಅದನ್ನ ಬಸವ್ವಗ ಹಾಕಿದ್ಲು. ಬಸವ್ವ ತಂಗೆವ್ವಗ. ದೀಪಾವಳಿಗೆ ನೋಡ್ತೇನಿ, ತಂಗೆವ್ವ ನನ್ನ ಉಡಿಗೆ ಹಾಕ್ಯಾಳ! ಅದ ಹಸರು, ಅದ ಇಲಿ. ಮೂರು ಮನಿ ಸುತ್ತಿ ಬಂತು ನೋಡ್ರಿ ಆ ಖಣ, ಒಬ್ಬಾಕಿನೂ ಹೊಲಸಲಿಲ್ಲ, ಒಬ್ಬಾಕಿನೂ ಬಾಯಿ ಬಿಡಲಿಲ್ಲ. ಸಿದ್ದವ್ವ ಒಬ್ಬಾಕಿ ಮಾತ್ರ ನಕ್ಕು, "ನಾಗವ್ವ, ನಿನ್ನ ಇಲಿ ಎಲ್ಲಾರ ಮನಿ ಊಟಾ ಮಾಡಿ ಬಂತ ನೋಡು" ಅಂದ್ಲು. ಆವತ್ತಿನಿಂದ ನನ್ನ ಹೊಟ್ಟ್ಯಾಗ ಒಂದ ಹಟಾ ಕುಂತಿತು. ಒಂದ ಸಲಾ, ಒಂದೇ ಒಂದ ಸಲಾ, ಈ ಓಣಿ ಹೆಣ್ಮಕ್ಕಳಿಗೆಲ್ಲಾ ಹೊಸಾ ಖಣ ಹಾಕಿ ಉಡಿ ತುಂಬಬೇಕು ಅಂತ.

ಹೋಳಿ ಹುಣ್ಣಿವಿ ನಾಲ್ಕ ದಿನಾ ಇತ್ತು. ಸುಗ್ಗಿ ಮುಗದಿತ್ತು. ಊರಾಚೆ ಗೌಡ್ರ ಎರಿ ಹೊಲ, ಇಲ್ಲಿಂದ ಸಂಗೊಳ್ಳಿ ದಾರಿಗೆ ಹತ್ತತೈತಲ್ಲ ಅದ, ಕುಂಟಿ ಹೊಡದು ಸಮಾ ಮಾಡಿದ್ರು, ಸಾರಿಸಿದ ಪಡಸಾಲಿ ಕಂಡಂಗ ಕಾಣತಿತ್ತು. ನಾನೂ ಸಿದ್ದವ್ವಕ್ಕನೂ ಮಧ್ಯಾನದಾಗ ಹೆಂಡಿ ಆರಸಾಕ ಹೋಗಿದ್ವಿ, ಕೂಸಿನ್ನ ಬೆನ್ನಿಗೆ ಕಟಗೊಂಡಿದ್ನಿ. ಆಗ ನಾವಿಬ್ಬರೂ ಹಂಗಿದ್ವಿ, ಆಕಿ ಬಿಟ್ಟು ನಾ ಹಳ್ಳಕ್ಕೂ ಹೋಗತಿರಲಿಲ್ಲ. ಗುಂಯ್ ಅಂತ ಸಪ್ಪಳಾತು. ನೋಡತೇವಿ, ಬೈಲಹೊಂಗಲ ದಿಕ್ಕಿನಿಂದ ಒಂದ ವಿಮಾನ. ವಿಮಾನ ನಾವೂ ನೋಡಿದ್ವಿ, ಮುಗಲಾಗ ಬೆರಳಿನಷ್ಟ ಹೋಗತಿದ್ವು, ಇದು ಹಂಗಲ್ಲ. ಇದರ ಹೊಟ್ಟಿ ಗಬ್ಬಾದ ಎಮ್ಮೀ ಹೊಟ್ಟಿ ಇದ್ದಂಗಿತ್ತು, ಎರಡು ಪಂಖಾದಾಗ ಒಂದ ನಿಂತಿತ್ತು, ಇನ್ನೊಂದರಿಂದ ಹೊಗಿ. ನಮ್ಮ ನೆತ್ತಿ ಮ್ಯಾಲ ಎರಡ ಸುತ್ತ ಹಾಕಿತು. ಆಮ್ಯಾಲ ತಿಳೀತು, ಅದು ಮಿಲ್ಟ್ರಿ ಸಾಮಾನಾ ಹೇರೂ ವಿಮಾನ, ಬೆಳಗಾವಿ ಮುಟ್ಟೂದಿಲ್ಲ ಅಂತ ಖಾತ್ರಿ ಆಗಿ, ಇಳಿಯಾಕ ಸಮಾ ಜಾಗಾ ಹುಡುಕಾಕ ಹತ್ತಿತ್ತಂತ. ಮ್ಯಾಲಿನವಗ ಗೌಡ್ರ ಹೊಲ ಡಾಂಬರ್ ರಸ್ತೆ ಕಂಡಂಗ ಕಂಡಿರಬೇಕು. ಎರಿ ಮಣ್ಣಿನ ಗುಣ ಅವಗೇನ ಗೊತ್ತು ಪಾಪ! ಮ್ಯಾಲ ಸಪಾಟ, ಒಳಗ ಕೈ ಹೋಗೂವಂಥಾ ಬಿರುಕು, ಮ್ಯಾಲ ಮೆತ್ತನ ಪುಡಿ. ಗಾಲಿ ನೆಲಾ ಮುಟ್ಟಿದ್ದ ತಡಾ, ಎರಡೂ ಮಣಕಾಲ ಮಟಾ ಹುಗದ್ವು. ವಿಮಾನ ಮಾರಿ ಅಡಿ ಮಾಡಿ ಒಡ್ಡಿಗೆ ಹೋಗಿ ದಢ್ ಅಂತ ಹೊಡೀತು, ಒಂದ ರೆಕ್ಕಿ ದಂಡ್ಯಾಗಿನ ಜಾಲಿ ಗಿಡಕ್ಕ ಬಡದು ಮುರದು ಬಿತ್ತು, ಬಾಗಲಾ ಕಿತಗೊಂಡ ಹೋತು, ಒಳಗಿನ ಚೀಲಾ ಪಾಲಾ ಹೊರಗ ಹಾರಿದ್ವು. ಎದ್ದ ಧೂಳಿನಾಗ ಸಿದ್ದವ್ವಕ್ಕ ನನಗ ಕಾಣಲಿಲ್ಲ, ನಾ ಆಕೀಗೆ ಕಾಣಲಿಲ್ಲ. "ನಾಗೀ, ಕೂಸ ಐತೇನs" ಅಂತ ಒದರತಾಳ, "ಐತಿ ಅಕ್ಕಾs" ಅಂತ ನಾ ಒದರತೇನಿ. ಕೂಸು, ಅದs ನಿಮ್ಮಪ್ಪ, ಗಡದ್ದ ಮಲಗಿತ್ತು. ಈಗೂ ಹಂಗ, ಭೂಮಿ ಬಿರಿದ್ರೂ ಏಳಂಗಿಲ್ಲ.

ಊರಿಗೆ ಊರs ಓಡಿ ಬಂತು. ಕೊಡಲಿ ತಂದವರು ಕೊಡಲಿ, ಕುಡಗೋಲು ತಂದವರು ಕುಡಗೋಲು. "ಪಾಕಿಸ್ತಾನದವ್ರು ಬಂದ್ರು!" ಅಂತ ಒಬ್ಬ ಹಬ್ಬಿಸಿಬಿಟ್ಟಿದ್ದ. ನಮ್ಮತ್ತಿ ಮುಂದ, ಕೈಯಾಗ ಒನಕಿ. ಒಳಗಿಂದ ಒಬ್ಬ ಸಿಪಾಯಿ ಹೊರಗ ಬಂದ, ಒಡ್ಡಿನ ಮ್ಯಾಲ ಕುಂತ, ಎರಡೂ ಕೈಲೆ ತಲಿ ಹಿಡಕೊಂಡು ಗಳಗಳ ಕಾರಿಕೊಂಡ. ನಮ್ಮತ್ತಿ ಒನಕಿ ಕೆಳಗ ಇಟ್ಲು. "ವೈರಿ ಹಿಂಗ ಕಾರತಾನೇನ್ರೋ? ಇದು ಯಾರದೋ ಮನಿ ಕೂಸು, ಮಜ್ಜಿಗಿ ತರ್ರಿ" ಅಂದ್ಲು. ಆತು ಲಡಾಯಿ ಅಲ್ಲಿಗೆ! ಒಬ್ಬೊಬ್ಬರಾಗಿ ಇಳದ್ರು. ಒಬ್ಬನ ಕೈ ಮುರದಿತ್ತು, ಒಬ್ಬನ ಹಣಿ ಒಡದಿತ್ತು, ಜೀವಕ್ಕ ಏನೂ ಆಗಿರಲಿಲ್ಲ, ಒಬ್ಬರಿಗೂ. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಹೊಲಕ್ಕನ ಬಂತು. ಲಾರಿ ಹೊಡೀತಿದ್ದ ಹುಸೇನಸಾಬ, ಊರಾಗ ಹಿಂದಿ ಬರೂದು ಅವಗೊಬ್ಬಗ, ಅವ್ರನ್ನೆಲ್ಲಾ ತನ್ನ ಲಾರಿಯಾಗ ಹಾಕ್ಕೊಂಡು ಬೈಲಹೊಂಗಲ ದವಾಖಾನಿಗೆ ಒಯ್ದ. ವಿಮಾನ ಕಾಯಾಕ ಇಬ್ಬರು ಸಿಪಾಯ್ರು ಉಳದ್ರು. ಅವ್ರ ಜೋಡಿ ಊರ ಕಡಿಂದ ಗೌಡ್ರು ವಾಲೀಕಾರ ಭೀಮಪ್ಪನ್ನ ನಿಲ್ಲಿಸಿದ್ರು. ಈ ಭೀಮಪ್ಪ ಯಾರು ಅಂದ್ರ ನಮ್ಮ ಸಿದ್ದವ್ವಕ್ಕನ ಗಂಡ. ಊರ ಕಾಯೂ ನೌಕರಿ, ಒಂದ ಕೋಲು, ಒಂದ ಬಿಲ್ಲೆ ಪಟ್ಟಿ, ಭಾಳ ಭೋಳೇ ಮನಶ್ಯಾ. ಯಾರಿಗೂ "ಹೇ" ಅಂದವನಲ್ಲ.

ಈಗ ಹತ್ರ ಬರ್ರಿ. ಮಂದಿ ಕರಗಿದ ಮ್ಯಾಲ ನಾ ನನ್ನ ಹೆಂಡಿ ಬುಟ್ಟಿ ತರಾಕ ಹೋದ್ನಿ. ಖರೆ ಹೇಳತೇನಿ, ಬುಟ್ಟಿ ತರಾಕs ಹೋದ್ನಿ. ಜಾಲಿ ಗಿಡದ ಹಿಂದ ನೋಡತೇನಿ, ಒಂದ ಚೀಲಾ ಒಡದು ಅರಬಿ ಹೊರಗ ಬಂದೈತಿ. ಬೆಳ್ಳಗ. ಹಾಲಿನ ಕೆನಿ ನೋಡೀರಿ? ಹಂಗ. ಮುಟ್ಟಿದ್ನಿ, ಕೈಯಾಗಿಂದ ಜಾರತೈತಿ. ಸಿಪಾಯ್ರು ಮುಗಲಿಂದ ಜಿಗಿಯೂ ಛತ್ರಿ ಅಂತ ನನಗೇನ ಗೊತ್ತು, ಗೊತ್ತಿದ್ರೂ ಬಿಡತಿರಲಿಲ್ಲ ಅನ್ನೂದು ಬ್ಯಾರೆ ಮಾತು. ನನ್ನ ಕಣ್ಣಿಗೆ ಅದರಾಗ ಖಣಾ ಕಂಡ್ವು. ಒಂದ, ಎರಡ, ಹತ್ತ, ಇಪ್ಪತ್ತ ಖಣಾ! ಇಬ್ಬರು ಸಿಪಾಯ್ರು ಮುರದ ರೆಕ್ಕಿ ನೆರಳಾಗ ನಮ್ಮತ್ತಿ ರೊಟ್ಟಿ ತಿಂದು ಅಡ್ಡಾಗಿದ್ರು. ನಾ ಅರಬಿ ಸುತ್ತಿ ಸುತ್ತಿ ಬುಟ್ಟ್ಯಾಗ ತುರಕಿದ್ನಿ, ಮ್ಯಾಲ ಹಸಿ ಹೆಂಡಿ ಬಳದ್ನಿ, ತಲೀ ಮ್ಯಾಲ ಹೊತಗೊಂಡು ಹೊಂಟ್ನಿ. ಭೀಮಪ್ಪ ಅಡ್ಡ ಬಂದ. "ಏನ ತಂಗಿ, ಇನ್ನೂ ಹೆಂಡಿ ಆರಸಾಕ ಹತ್ತೀಯೇನು? ಕೂಸಿಗೆ ಬಿಸಲ ಬಡೀತೈತಿ, ಲಗೂನ ಮನಿಗೆ ಹೋಗು" ಅಂದು, ತಾನs ಬುಟ್ಟಿ ಸರಿ ಮಾಡಿ ಕೊಟ್ಟ. ಕೈಗೆ ಹೆಂಡಿ ಹತ್ತಿತು, ಮಣ್ಣಿಗೆ ಒರಿಸಿಕೊಂಡ. ತಂಗಿ ಅಂದ ನೋಡ್ರಿ ನನಗ. ಅದು ನಂಗ ಈಗೂ ನೆನಪಾಗತೈತಿ.

ಮನ್ಯಾಗ ನಮ್ಮತ್ತಿ ನೋಡಿ ಎದಿ ಬಡಕೊಂಡ್ಲು. "ಎಲ್ಲಿಂದ ತಂದ್ಯೇ ಇದನ್ನ, ಮನೀತನಾ ತೆಗೀಯಾಕ ಬಂದೀ ಕಟಕೋಳದಾಕಿ, ಇವತ್ತ ನಿನ್ನ ತವರಿಗೆ ಹಾಕಿ ಬರತೇನಿ" ಅಂತ ಒಂದ ತಾಸ ಬೈದ್ಲು. ಬೈಯೂದು ಮುಗದ ಮ್ಯಾಲ ಅರಬಿ ಮುಟ್ಟಿ ನೋಡಿದ್ಲು. ಗಲ್ಲಕ್ಕ ಹಚ್ಚಿ ನೋಡಿದ್ಲು. ಆಮ್ಯಾಲ ಸಣ್ಣ ದನಿಲೆ, "ನನಗೂ ಒಂದ ಕುಬಸ ಆಗತೈತೇನು?" ಅಂದ್ಲು. ನನ್ನ ಗಂಡಗ, ನಿಮ್ಮ ಮುತ್ಯಾಗ, ಇಬ್ಬರೂ ಹೇಳಲಿಲ್ಲ, ಗಂಡಸರ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ. ಆ ಛತ್ರಿ ಪಟ್ಟಿ ಪಟ್ಟಿ ಸೇರಿಸಿ ಹೊಲದಿದ್ರು, ಅತ್ತಿ ಸೊಸಿ ಕುಂತು ಸೂಜಿಲೆ ಹೊಲಿಗಿ ಬಿಚ್ಚಿದ್ವಿ. ಎರಡು ಡಜನ್ ಮ್ಯಾಲಾದ್ವು ಖಣಾ. ಖರೆ ಬಿಳೆ ಖಣ ಮುತ್ತೈದಿಗೆ ಹಾಕೂದು ಹೆಂಗ? ಅಪಶಕುನ. ಬಣ್ಣಾ ಬೇಕು. ಬ್ಯಾರೆ ದಿನದಾಗ ಬಣ್ಣಾ ತರಾಕ ಹೋದ್ರ ಅಂಗಡಿಯವ ಹತ್ತ ಪ್ರಶ್ನಿ ಕೇಳತಿದ್ದ, ಆದ್ರ ಅದು ಹೋಳಿ! ಊರ ತುಂಬ ಬಣ್ಣಾ. ಗುಲಾಬಿ ಪುಡಿ ತಂದು, ದೊಡ್ಡ ಹಂಡೇದಾಗ ನೀರ ಕಾಸಿ, ಅದರಾಗ ಎದ್ದಿದ್ವಿ. ಎಂಥಾ ಬಣ್ಣ ಹಿಡೀತಂತೀರಿ! ಓಣ್ಯಾಗ ಎಲ್ಲಾರ ಕೈ ಮಾರಿ ಗುಲಾಬಿ, ನಮ್ಮ ಕೈ ಗುಲಾಬಿ ಆದ್ರ ಯಾರ ಕೇಳಬೇಕು? ಒಂದ ಪಟ್ಟಿ ಮ್ಯಾಲ ಮಾತ್ರ ಕರೇ ಮಸೀಲೆ ಏನೋ ಅಂಕಿ ಬರದಿತ್ತು, ಎಷ್ಟ ತಿಕ್ಕಿದ್ರೂ ಹೋಗಲಿಲ್ಲ. ಅದನ್ನ ಯಾರಿಗೆ ಕೊಡೂದು? ಬೆಳ್ಳಗನ ಇಟ್ಟು ಕೂಸಿಗೆ ಕುಂಚಗಿ ಹೊಲದ್ನಿ, ಅಂಕಿ ಒಳಮಗ್ಗಲಿಗೆ ಬರೂಹಂಗ. ರಂಗಪಂಚಮಿ ದಿನಾ ಓಣಿ ಹೆಣ್ಮಕ್ಕಳನ್ನ ಒಬ್ಬೊಬ್ಬರನ್ನ ಕರದು ಉಡಿ ತುಂಬಿದ್ನಿ. "ತವರಿನಿಂದ ಬಂದಾವ್ರೀ, ನಮ್ಮಣ್ಣ ಕಳಸ್ಯಾನ" ಅಂದ್ನಿ. ನಮ್ಮಣ್ಣ ಕಟಕೋಳದಾಗ ತಾನs ಹರಕ ಧೋತರಾ ಉಟಗೊಂಡಿದ್ದ ಪಾಪ! ಗೌರವ್ವ, ಬಸವ್ವ, ತಂಗೆವ್ವ, ಎಲ್ಲಾರ ಕಣ್ಣೂ ಹಿಂಗ ಅಗಲಾದ್ವು. ಸಿದ್ದವ್ವಕ್ಕಗ ನನ್ನ ಕೈಯಾರೆ ಎಲ್ಲಾಕಿಂತ ಛಲೋದು ಹಾಕಿದ್ನಿ. ಆಕಿ ಖಣ ಬೆರಳಾಗ ತಿಕ್ಕಿ ನೋಡಿದ್ಲು, ನನ್ನ ಮಾರಿ ನೋಡಿದ್ಲು, "ಈ ಸಲ ಇಲಿ ಇಲ್ಲಲ್ಲ" ಅಂದು ನಕ್ಕು ಹೋದ್ಲು. ಆ ದಿನಾ ನನಗ ಆದ ಖುಷಿ ನನ್ನ ಲಗ್ನದಾಗೂ ಆಗಿರಲಿಲ್ಲ.

ಎಂಟ ದಿನಾ ಆದ ಮ್ಯಾಲ ಸುದ್ದಿ ಬಂತು, ಮಿಲ್ಟ್ರಿಯವ್ರು ವಿಮಾನ ಬಿಚ್ಚಿ ಲಾರಿ ಮ್ಯಾಲ ಒಯ್ಯಾಕ ಬರತಾರ, ಒಂದ ಛತ್ರಿ ಕಡಿಮಿ ಐತಂತ, ಹುಡುಕತಾರಂತ. ಭಾವಿ ಕಟ್ಟಿ ಮ್ಯಾಲ ಹೆಣ್ಮಕ್ಕಳೆಲ್ಲಾ ಅದನ್ನ ಮಾತಾಡಾಕ ಹತ್ತಿದ್ರು, "ಯಾರ ಒಯ್ದಿರಬೇಕ್ರವ್ವಾ" ಅಂತ. ಎಲ್ಲಾರೂ ನನ್ನ ಮಾರೀನ ನೋಡಾಕ ಹತ್ಯಾರ ಅನಸ್ತು, ಖರೆ ಯಾರೂ ನೋಡಿರಲಿಲ್ಲ. ಆಗ ಈ ನನ್ನ ಸುಡಗಾಡ ನಾಲಿಗಿ, ನಾ ಹೇಳದs ತಾನ ಹೊಳ್ಳಿತು. "ಕಾಯಾಕ ನಿಂತವರಿಗೆ ಗೊತ್ತಿರತೈತ ಬಿಡ್ರಿ. ಅವತ್ತ ಸಿದ್ದವ್ವಕ್ಕನ ಬುಟ್ಟಿ ಭಾಳ ಜಡಾ ಇತ್ತು, ನಾ ಏನ ಒಳಗ ನೋಡಿಲ್ಲ ಮತ್ತ" ಅಂದ್ನಿ. ಅಷ್ಟs. ಹೆಚ್ಚ ಏನೂ ಅನಲಿಲ್ಲ. ಕೊಡಾ ತುಂಬಿಕೊಂಡು ಮನಿ ಮುಟ್ಟೂದರೊಳಗ ಮಾತು ನನಕಿಂತ ಮೊದಲ ಓಣಿ ಮುಟ್ಟಿತ್ತು. ಸಂಜಿಗೆ ಅದಕ್ಕ ಕೈ ಕಾಲು ಬಂದಿದ್ವು, ಭೀಮಪ್ಪ ಛತ್ರಿ ಮಾರಿ ಎಮ್ಮಿ ತರತಾನಂತ, ಸಿದ್ದವ್ವ ಬಂಗಾರದ ಬೋರಮಾಳ ಮಾಡಸ್ತಾಳಂತ! ನಾ ಇದೇನೂ ಹೇಳಿರಲಿಲ್ಲ ನೋಡ್ರಿ. ನಾ ಬುಟ್ಟಿ ಅಷ್ಟ ಹೇಳಿದ್ನಿ.

ಮಿಲ್ಟ್ರಿ ಬಂತು. ಅವ್ರ ಸಾಹೇಬ ಒಬ್ಬ, ಪೇಟಾ, ಎದೀ ಮಟಾ ಗಡ್ಡಾ, ಗೌಡ್ರ ಕಟ್ಟಿ ಮ್ಯಾಲ ಕುರ್ಚಿ ಹಾಕಿಸಿ ಕುಂತ. ಬಾಜೂಕ ಪೋಲೀಸ್ ಹವಾಲ್ದಾರ, ಕೈಯಾಗ ಕಾಗದಾ ಪೆನ್ಸಿಲ್. ಸಾಹೇಬ ಹಿಂದಿಯಾಗ ಅಂದ, ಹುಸೇನಸಾಬ ಕನ್ನಡದಾಗ ಒದರಿದ. "ಸಾಹೇಬ್ರು ಹೇಳತಾರ, ಅದು ನಿಮಗ ಬಟ್ಟಿ. ನಮಗ ಅದರ ಮ್ಯಾಲಿನ ನಂಬರ್ ಅಂದ್ರ ಒಬ್ಬ ಸಿಪಾಯಿ. ನಂಬರ್ ಸಿಗಲಿಲ್ಲಂದ್ರ ಆ ಸಿಪಾಯಿನೂ ಜವಾಬು ಕೊಡಬೇಕು, ಕಾಯಾಕ ನಿಂತವನೂ ಕೊಡಬೇಕು." ಹವಾಲ್ದಾರ ಭೀಮಪ್ಪನ ಕಡೆ ಬಟ್ಟು ಮಾಡಿ, "ನಾಳೆ ಮುಂಜಾನಿ ಲಾರಿ ಹೊಂಡೂದರೊಳಗ ಮಾಲು ಬರದಿದ್ರ ಇವನ್ನ ಬೈಲಹೊಂಗಲಕ್ಕ ಒಯ್ತೇನಿ. ಇವನ ಹೇಣ್ತಿ ಬುಟ್ಟಿ ಸುದ್ದಿ ಊರ ತುಂಬ ಐತಿ" ಅಂದ. ಭೀಮಪ್ಪ ಕೋಲು ಕೆಳಗ ಇಟ್ಟ. ಬಿಲ್ಲೆ ಪಟ್ಟಿ ಬಿಚ್ಚಿ ಗೌಡ್ರ ಕಾಲ ಹತ್ರ ಇಟ್ಟ. ಹವಾಲ್ದಾರನ ಕಣ್ಣು ಆಗ ಬಸವ್ವನ ಮ್ಯಾಲ ಬಿತ್ತು. ಬಸವ್ವ ಎಂಥಾ ಹುಚ್ಚಿ ಅಂತೀನಿ, ಗುಲಾಬಿ ಖಣಾ ಹೊಲಿಸಿ ತೊಟಗೊಂಡು ಬಂದು ಮುಂದs ನಿಂತಿದ್ಲು! ಬಿಸಲಾಗ ಮಿಂಚಾಕ ಹತ್ತೈತಿ.

"ಈ ಕುಬಸ ಎಲ್ಲಿಂದ ಬಂತವಾ?"

"ಉಡಿಯಾಗ ಬಂತ್ರಿ."

"ಯಾರ ಉಡಿ ತುಂಬಿದ್ರು?"

"ಗೌರವ್ವ ತುಂಬಿದ್ಲ್ರಿ."

ಖರೆ ನಾನೂ ಕೊಟ್ಟಿದ್ನಿ, ಆದ್ರ ನಾ ಕೊಟ್ಟದ್ದನ್ನ ಆಕಿ ತಂಗೆವ್ವಗ ಹಾಕಿ, ಗೌರವ್ವ ಕೊಟ್ಟದ್ದನ್ನ ಹೊಲಿಸಿದ್ಲು. ಎಂಟ ದಿನದಾಗ ಖಣಾ ಎಲ್ಲಾ ಅಡ್ಡಾಡಿ ಬಿಟ್ಟಿದ್ವು! ಹವಾಲ್ದಾರ ಬರಕೊಂಡ. ಗೌರವ್ವ ಬಂದ್ಲು, "ನನಗ ತಂಗೆವ್ವ ತುಂಬಿದ್ಲ್ರಿ." ಬರಕೊಂಡ. ತಂಗೆವ್ವ ಬಂದ್ಲು, "ನನಗ ಬಸವ್ವ ತುಂಬಿದ್ಲ್ರಿ." ಹವಾಲ್ದಾರ ಪೆನ್ಸಿಲ್ ಬಾಯಾಗ ಇಟಗೊಂಡು ಕಾಗದಾ ನೋಡಿದ, ಬಸವ್ವನ್ನ ನೋಡಿದ. "ಬಸವ್ವಗ ಗೌರವ್ವ, ಗೌರವ್ವಗ ತಂಗೆವ್ವ, ತಂಗೆವ್ವಗ ಬಸವ್ವ. ಹಂಗಾರ ಮೊದಲ ಯಾರ ತುಂಬಿದ್ರ್ಯೇ?" "ಉಡಿಗೆ ಮೊದಲ ಕಡೀ ಎಲ್ಲಿರತೈತ್ರೀ ಸಾಹೇಬ್ರ" ಅಂದ್ಲು ತಂಗೆವ್ವ. ಮಂದಿ ನಗಾಕ ಹತ್ತಿತು, ಗಡ್ಡದ ಸಾಹೇಬನೂ ಮೀಸ್ಯಾಗ ನಕ್ಕಂಗ ಮಾಡಿದ. ಹವಾಲ್ದಾರಗ ಸಿಟ್ಟ ಬಂತು. ಎದ್ದು ಸೀದಾ ಸಿದ್ದವ್ವಕ್ಕನ ಮುಂದ ನಿಂತ. "ನಿನಗ ಯಾರ ಕೊಟ್ಟಾರ? ನೀ ಹೇಳು. ಹೆಸರ ಹೇಳಿದ್ರ ನಿನ್ನ ಗಂಡನ್ನ ಈಗಿಂದೀಗ ಬಿಡತೇನಿ."

ನಾ ಎರಡ ಮಾರು ದೂರ ನಿಂತೇನಿ. ಆಕೀಗೆ ಸೀದಾ ನನ್ನ ಕೈಲೆ ಬಂದ ಖಣ ಅದು, ಆಕಿ ಯಾರಿಗೂ ಹಾಕಿರಲಿಲ್ಲ, ಹೊಲಿಸಿರಲಿಲ್ಲ. ಒಂದ ಹೆಸರ ಹೇಳಿದ್ರ ಮುಗೀತು. ಸಿದ್ದವ್ವಕ್ಕ ನನ್ನ ಕಡೆ ತಿರಗಿ ಸುದ್ದಾ ನೋಡಲಿಲ್ಲ. "ನನ್ನ ಉಡಿ ತುಂಬಿದಾಕೀ ಹೆಸರ ಪೋಲೀಸ್ ಕಾಗದದಾಗ ಬರಸಾಕ ಆಗಂಗಿಲ್ರಿ" ಅಂದ್ಲು. "ಗಂಡನ್ನ ಒಯ್ತೇನಿ!" "ಒಯ್ರಿ. ಅಂವಗ ರೊಟ್ಟಿ ಕಟ್ಟಿ ಕೊಡತೇನಿ, ತಡೀರಿ" ಅಂದು ಮನಿಗೆ ಹೋಗಿಬಿಟ್ಲು.

ಆ ದಿನಾ ನನಗ ರೊಟ್ಟಿ ಇಳೀಲಿಲ್ಲ. "ಹೋಗಿ ಹೇಳಿ ಬರತೇನ್ರಿ ಅತ್ತಿ" ಅಂದ್ನಿ. "ಹೇಳಿದ್ರ ನಿನ್ನ ಒಯ್ತಾರ, ಕೂಸಿಗೆ ಯಾರ ಹಾಲ ಕುಡಸ್ತಾರ, ನಾನೇನು?" ಅಂದ್ಲು ಅತ್ತಿ. ಖರೆನs ಇತ್ತು. ಅರಬಿ ಕೊಡಬೇಕು, ಕೊಟ್ಟಾಕಿ ಕಾಣಬಾರದು. ಹೆಂಗ? ಕುಂತು ಕುಂತು ಒಂದ ಹೊಳೀತು. ಸೂರ್ಯಾ ಮುಳುಗೂದರೊಳಗ ಓಣಿ ತುಂಬ ಮನಿ ಮನಿ ಹೊಕ್ಕು ಬಂದ್ನಿ. ನನ್ನ ನಾಲಿಗಿ ಒಂದ ಪುಣ್ಯಾದ ಕೆಲಸಾ ಮಾಡಿದ್ದು ಅದೊಂದ ಸಂಜಿ. "ಯಕ್ಕಾ, ವಿಮಾನ ನಮ್ಮೂರ ಮಣ್ಣಾಗ ಬಿದ್ದೈತಿ, ಒಂದ ಜೀವಾ ತಗೊಂಡಿಲ್ಲ. ಇಪ್ಪತ್ತ ದಿನಾ ನಮ್ಮೂರಾಗ ಇದ್ದು ಹೊಂಟೈತಿ. ಇದ್ದ ಹೆಣ್ಮಗಳು ಬರೀ ಉಡಿಲೆ ಹೋಗೂದು ಛಲೋ ಏನು? ನಾಳೆ ಮುಂಜಾನಿ ಎಲ್ಲಾರೂ ಉಡಿ ತುಂಬೂನು. ಮತ್ತ ಗುಲಾಬಿ ಖಣ ಇದ್ದವರು ಗುಲಾಬಿ ಖಣಾನ ತರ್ರಿ." ಒಬ್ಬಾಕಿನೂ ಯಾಕ ಅಂತ ಕೇಳಲಿಲ್ಲ. ಎಲ್ಲಾರಿಗೂ ತಿಳೀತು, ಎಲ್ಲಾರೂ ತಿಳೀಲಾರದವರಂಗ ತಲಿ ಅಲ್ಲಾಡಸಿದ್ರು. ಬಸವ್ವ ಹೊಲಿಸಿದ್ದ ಕುಬಸ ಬಿಚ್ಚಾಕ ಕುಂತು ಅತ್ತಳಂತ. ಸಿದ್ದವ್ವಕ್ಕನ ಬಾಗಲಾ ಮಾತ್ರ ನಾ ದಾಟಲಿಲ್ಲ. ಧೈರ್ಯಾ ಆಗಲಿಲ್ಲ.

ಮುಂಜಾನಿ ನೋಡ್ರಿ, ಗೌಡ್ರ ಹೊಲದಾಗ ಹೆಣ್ಮಕ್ಕಳ ಸಾಲು. ತಲೀ ತುಂಬ ಸೆರಗು, ಕೈಯಾಗ ತಾಟು, ತಾಟಿನಾಗ ಅಕ್ಕಿ ಕೊಬ್ರಿ ಅರಿಶಿಣ ಕುಂಕಮಾ. ವಿಮಾನದ ರೆಕ್ಕಿ, ಪಂಖಾ ಎಲ್ಲಾ ಲಾರಿ ಏರಿದ್ವು, ನಡೂ ಹೊಟ್ಟಿ ಅಷ್ಟ ನೆಲದ ಮ್ಯಾಲ ಉಳದಿತ್ತು, ಬಾಗಲದ ಜಾಗಾ ಬಾಯಿ ತಗದಂಗ. ಸಾಹೇಬ ಗಾಬರ್ಯಾಗಿ ಹುಸೇನಸಾಬನ್ನ ಕೇಳಿದ. ಹುಸೇನಸಾಬ ಭಾಳ ಶಾಣ್ಯಾ, "ತವರಿಗೆ ಬಂದ ಮಗಳನ್ನ ಗಂಡನ ಮನಿಗೆ ಕಳಸೂ ಪದ್ಧತಿರಿ ಸಾಹೇಬ್ರ, ಬ್ಯಾಡ ಅನಬಾರದು" ಅಂತ ಹಿಂದಿಯಾಗ ಹೇಳಿದ್ನಂತ. ಸಾಹೇಬ ಬೂಟ ಕೂಡಿಸಿ ಬಾಜೂ ಸರದು ನಿಂತ. ನಮ್ಮತ್ತಿ ಮೊದಲ ಹೋಗಿ ವಿಮಾನದ ಹಣಿಗೆ, ಹಣಿ ಎಲ್ಲಿತ್ತೋ ಏನೋ, ಬಾಗಲದ ಮ್ಯಾಲ ಕುಂಕಮಾ ಹಚ್ಚಿದ್ಲು, ಅಕ್ಕಿ ಹಾಕಿದ್ಲು, ಗುಲಾಬಿ ಖಣ ಇಟ್ಲು. ಹಿಂದ ಗೌರವ್ವ, ತಂಗೆವ್ವ, ಬಿಚ್ಚಿದ ಕುಬಸದ ತೋಳು ಹಿಡಕೊಂಡು ಬಸವ್ವ. ಖಣಾ ಮ್ಯಾಲ ಖಣ ಬಿದ್ದು ಅಲ್ಲೊಂದು ಗುಲಾಬಿ ಗುಂಪಿ ಆತು. ಯಾರೂ ಕರೀದs ಸಿದ್ದವ್ವಕ್ಕನೂ ಬಂದ್ಲು. ತಂದದ್ದನ್ನ ಇಟ್ಲು, ನನ್ನ ಹಿಂದ ಬಂದು ನಿಂತ್ಲು. ಹವಾಲ್ದಾರ ಮುಂದ ಬಂದು ಕೋಲಿಲೆ ಖಣಾ ಹೊಳ್ಳಸಿ ನೋಡಿದ. "ಬಣ್ಣದ ಚಿಂದಿ ತಂದು ಯಾರ ಬೇಕಾದ್ರೂ ಹಾಕತಾರ. ನಂಬರ್ ಎಲ್ಲೈತಿ? ನಂಬರ್ ಇಲ್ಲಂದ್ರ ಭೀಮಪ್ಪ ನಡದ!" ಅಂದ. ಭೀಮಪ್ಪ ಲಾರಿ ಹತ್ರ ರೊಟ್ಟಿ ಗಂಟು ಹಿಡಕೊಂಡು ನಿಂತಿದ್ದ.

ನಂಬರ್ ನಿಮ್ಮಪ್ಪನ ತಲೀ ಮ್ಯಾಲ ಇತ್ತು! ನಾ ಅದನ್ನ ಕೊಡಬಾರದು ಅಂತ ಮಾಡಿದ್ನಿ, ಇಷ್ಟೆಲ್ಲಾ ಕೊಟ್ಟ ಮ್ಯಾಲ ಕೂಸಿಂದ ಒಂದ ಉಳೀಲಿ ಅಂತ. ಕೊಟ್ಟಾಕಿ ಯಾರು ಅಂತ ಅದರಾಗ ಕಾಣೂದು ಬ್ಯಾರೆ. ಹವಾಲ್ದಾರ ಅಷ್ಟರಾಗ ತಾಟಿನಾಗಿನ ಕೊಬ್ರಿ ಬಟ್ಟಲಾ ಎಣಸಾಕ ಹತ್ತಿದ, ಇವು ಯಾರಿಗೆ ಸೇರತಾವ ಅಂತ ಗೌಡ್ರನ್ನ ಕೇಳಾಕ ಆ ಕಡೆ ತಿರಗಿದ, ಮಂದಿ ಕಣ್ಣೂ ಆ ಕಡೆನ ಹೋದ್ವು. ಕೂಸಿನ್ನ ಬಗಲಾಗ ಎತಗೊಂಡು ನಾ ಮುಂದ ಹೋದ್ನಿ. ಲಾಡಿ ಬಿಚ್ಚವಲ್ದು. ಕುಂಚಗಿ ತಗದು ಒಳಮಗ್ಗಲಾ ಹೊರಗ ಮಾಡಿ ಸಾಹೇಬನ ಕೈಯಾಗನ ಇಟ್ನಿ. ಸಾಹೇಬ ಅಂಕಿ ನೋಡಿದ. ನನ್ನ ನೋಡಿದ. ಬೋಳ ತಲೀ ಕೂಸಿನ್ನ ನೋಡಿದ. ಬಿಸಲಿಗೆ ಕಣ್ಣ ಕಿರದ ಮಾಡಿ ನಿಮ್ಮಪ್ಪ ಅವನ ಗಡ್ಡಾ ಗಬಕ್ನ ಹಿಡದ, ಬಿಡವಲ್ಲ! ಸಾಹೇಬ ಕಿಸೇದಾಗಿಂದ ಚಾಕೂ ತಗದ, ಅಂಕಿ ಇದ್ದಷ್ಟs ಜಾಗಾ ಸರಕ್ ಅಂತ ಕೊರದ, ಕುಂಚಗಿ ತಿರುಗಿ ಕೂಸಿನ ತಲಿಗೆ ಹಾಕಿ, ತಾನs ಲಾಡಿ ಕಟ್ಟಿದ. ಆಮ್ಯಾಲ ಆ ಚೂರ ಎತ್ತಿ ಹಿಡದು ದೊಡ್ಡ ದನಿಲೆ ಏನೋ ಅಂದ. ಹುಸೇನಸಾಬ ಒದರಿದ, "ನಂಬರ್ ಸಿಕ್ಕತ್ರೆಪೋ! ವಿಮಾನದ ಹೊಟ್ಟ್ಯಾಗನ ಇತ್ತಂತ, ಸಾಹೇಬ್ರ ಕೈಗೆ ಸಿಕ್ಕೈತಿ! ವಾಲೀಕಾರಂದು ಏನೂ ತಪ್ಪಿಲ್ಲಂತ!" ಭೀಮಪ್ಪಗ ಗೌಡ್ರು ಬಿಲ್ಲೆ ಪಟ್ಟಿ ತಿರುಗಿ ಕಟ್ಟಿದ್ರು. ಅಂವ ಕಟ್ಟಿಸಿಕೊಂಡ ರೊಟ್ಟಿ ಗಂಟು ಅಲ್ಲೇ ಬಿಚ್ಚಿ ಸಿಪಾಯ್ರಿಗೆ ಹಂಚಿದ. ಖಣಾ ಎಲ್ಲಾ ವಿಮಾನದ ಜೋಡಿ ಹೋದ್ವು. ಕೊಬ್ರಿ ಹವಾಲ್ದಾರ ಒಯ್ದ, ಅದನ್ನ ಮಾತ್ರ ನೀವು ಬೇಕಾದವರಿಗೆ ಹೇಳ್ರಿ.

ಸಾಹೇಬ, ಹುಸೇನಸಾಬ, ನಾ. ನೋಡಿದವರು ಮೂರು ಮಂದಿ ಅಂತ ತಿಳಕೊಂಡಿದ್ನಿ. ಹುಸೇನಸಾಬ ಸಾಯೂತನಕಾ ಬಾಯಿ ಬಿಡಲಿಲ್ಲ, ಅಂಥಾ ಗಂಡಸ ನಾ ಇನ್ನೊಬ್ಬನ್ನ ನೋಡಿಲ್ಲ. ಮನೀ ದಾರಿ ಹಿಡದ್ನಿ, ಹಗರಾಗಿತ್ತು ಮನಸು, ಸಣ್ಣಗ ಹಾಡಾಕ ಹತ್ತಿದ್ನಿ. ಹಿಂದಿಂದ ಹೆಜ್ಜಿ ಸಪ್ಪಳಾ. ಸಿದ್ದವ್ವಕ್ಕ. ಬಾಜೂಕ ಬಂದು, ಕೂಸಿನ ಕುಂಚಗಿ ಹೊಳ್ಳಿಸಿ, ಆ ತೂತಿನಾಗ ಬೆರಳ ಹಾಕಿ ನೋಡಿದ್ಲು. "ಅಕ್ಕಾ, ನಿನಗ ಯಾವಾಗಿಂದ ಗೊತ್ತು?" ಅಂದ್ನಿ. "ಉಡಿ ತುಂಬಿದ ದಿನದಿಂದ. ನಿಮ್ಮಣ್ಣನ ಧೋತರಾ ನಾ ನೋಡಿಲ್ಲೇನು?" ಅಂದ್ಲು. ತಪ್ಪಾತು ಅನ್ನಾಕ ಬಾಯಿ ತಗದ್ನಿ, ಕೈ ಮಾಡಿ ನಿಲ್ಲಿಸಿದ್ಲು. ಆಮ್ಯಾಲ ನನ್ನ ಮಾರಿಗೆ ಮಾರಿ ಕೊಟ್ಟು, ಈ ಗ್ವಾಡಿ ಆಚೆ ಈಗ ಕುಂತಾಳಲ್ಲ, ಈಕೀನ, ಅಂದ್ಲು: "ನಾಗೀ, ಖಣಾ ಅಡ್ಡಾಡಿ ಬಂದ್ವು, ತಿರುಗಿ ಕೊಟ್ಟಿ, ಮುಗೀತು. ಭಾವಿ ಕಟ್ಟಿ ಮ್ಯಾಲ ನನ್ನ ಬುಟ್ಟಿ ಮಾತ ಆಡಿದ್ಯೆಲ್ಲಾ, ಅದನ್ನ ಯಾರ್‍ಯಾರ ಉಡಿಯಾಗಿಂದ ತಿರುಗಿ ತರತಿ? ನಡಿ, ಕೂಸಿಗೆ ಹಸಿವ್ಯಾಗೈತಿ, ಮೊದಲ ಹಾಲ ಕುಡಸು."